ಓದುಗರೊಡನೆ: ಒಂದು ಟೋಪಿಯ ಬೆನ್ನು ಹತ್ತಿ ಹೋದ ಹುಡುಗರು

ಹದಿಹರೆಯದವರಿಗಾಗಿ ಬರೆದ ಐತಿಹಾಸಿಕ ಕಾದಂಬರಿಗಳನ್ನು ಕುರಿತು ಎರಡು ಸಂಚಿಕೆಗಳ ಹಿಂದೆ ಬರೆದಾಗ, ಉತ್ತರ ಅಮೆರಿಕದ ಕಾಡುಗಳ ಅನ್ವೇಷಣೆ ಮತ್ತು ಅಲ್ಲಿನ ತುಪ್ಪಳ ವ್ಯಾಪಾರವನ್ನು ವಸ್ತುವಾಗಿಟ್ಟುಕೊಂಡ ಕಥೆಗಳಿಗೆ ನಾನು ಒಂದೇ ಒಂದು ಪ್ಯಾರಾ ಮೀಸಲಿಟ್ಟಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಪ್ಯಾರಾದ ಬಗ್ಗೆಯೇ ಇದ್ದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರಿನ ಬದಲು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಇಂಥ ಕಾದಂಬರಿಗಳಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಒಂಟಿಯಾಗಿ ಹಡಗು ಹತ್ತಿ, ಯಾವುದೋ ಕಂಪನಿಯ ಕೋಟೆ ಸೇರಿ, ಹಿಮದಲ್ಲಿ ನೂರಾರು ಮೈಲಿ ನಡೆಯುತ್ತಾನೆ. ನಮ್ಮ ವಯಸ್ಸಿನ ಓದುಗರನ್ನು ಹಿಡಿದಿಡುವುದಕ್ಕಾಗಿ ಲೇಖಕರು ನಾಯಕನ ವಯಸ್ಸನ್ನು ಇಳಿಸುತ್ತಾರೆಯೇ? (ಪಿಯುಸಿ ವಿದ್ಯಾರ್ಥಿ, ತೀರ್ಥಹಳ್ಳಿ)

ಉತ್ತರ: ಇಳಿಸುವ ಪ್ರಮೇಯವೇ ಅವರಿಗೆ ಬರುವುದಿಲ್ಲ. ಆ ವ್ಯಾಪಾರದಲ್ಲಿ ನಿಮ್ಮ ವಯಸ್ಸಿನವರೂ, ಕೆಲವೊಮ್ಮೆ ನಿಮಗಿಂತಲೂ ಚಿಕ್ಕವರೂ ದುಡಿದಿದ್ದಾರೆ. ಡೇವಿಡ್ ಥಾಂಪ್ಸನ್‌ನನ್ನೇ ನೋಡಿ. 1770ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಏಳನೆಯ ವರ್ಷಕ್ಕೆ ಬಡಮಕ್ಕಳ ಧರ್ಮಾರ್ಥ ಶಾಲೆಯೊಂದನ್ನು ಸೇರಿದ. ಹದಿನಾಲ್ಕು ತುಂಬಿದಾಗ ಶಾಲೆಯವರು ಅವನನ್ನು ಏಳು ವರ್ಷಗಳ ಕರಾರಿನ ಮೇಲೆ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಗೆ ಒಪ್ಪಿಸಿದರು. ಅವನನ್ನು ಸೇರಿಸಿಕೊಂಡದ್ದಕ್ಕೆ ಶಾಲೆಯೇ ಕಂಪನಿಗೆ ಐದು ಪೌಂಡು ಕಟ್ಟಿತು. 1784ರ ಸೆಪ್ಟೆಂಬರಿನಲ್ಲಿ ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಚರ್ಚಿಲ್‌ನಲ್ಲಿ ಇಳಿದವನು ಮತ್ತೆಂದೂ ಇಂಗ್ಲೆಂಡಿಗೆ ಮರಳಲಿಲ್ಲ.

ಆ ಕಂಪನಿಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. 1670ರ ಮೇ 2ರಂದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ, ಹಡ್ಸನ್ ಕೊಲ್ಲಿಗೆ ನೀರು ಹರಿಸುವ ನದಿಗಳ ಸೀಮೆಯನ್ನೆಲ್ಲ ತನ್ನ ಬಂಧುವಿನ ನೇತೃತ್ವದ ಈ ಕಂಪನಿಗೆ ಸನ್ನದು ಬರೆದುಕೊಟ್ಟ. ಅದು ಸುಮಾರು 39 ಲಕ್ಷ ಚದರ ಕಿಲೋಮೀಟರ್, ಅಂದರೆ ಇಂದಿನ ಭಾರತಕ್ಕಿಂತ ದೊಡ್ಡ ನೆಲ. ಆ ನೆಲವನ್ನು ದೊರೆ ಕಂಡಿರಲಿಲ್ಲ, ಅಲ್ಲಿ ವಾಸವಿದ್ದವರನ್ನು ಯಾರೂ ಕೇಳಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಓದಿರುವ ನಮಗೆ ಈ ಬಗೆಯ ಧಾರಾಳತನ ಹೊಸದೇನಲ್ಲ.

ಥಾಂಪ್ಸನ್ ಬಂದ ಮರುವರ್ಷವೇ, ಹದಿನೈದರ ಹುಡುಗ, ಇಬ್ಬರು ಸ್ಥಳೀಯರೊಂದಿಗೆ ಚರ್ಚಿಲ್‌ನಿಂದ ಯಾರ್ಕ್ ಕೋಠಿಯವರೆಗೆ ಸುಮಾರು 240 ಕಿಲೋಮೀಟರ್ ನಡೆದುಹೋದ. ಆದರೆ ಅವನ ಬದುಕನ್ನು ಕಾದಂಬರಿ ಮಾಡಬಯಸುವವರು ನಿಲ್ಲಬೇಕಾದ ಜಾಗ ಆ ನಡಿಗೆಯಲ್ಲ ಎಂದು ನನ್ನ ಅನಿಸಿಕೆ. 1788ರ ಡಿಸೆಂಬರಿನಲ್ಲಿ ಅವನು ಬಿದ್ದು ಬಲಗಾಲು ಮುರಿದುಕೊಂಡ. ವೈದ್ಯರಿಲ್ಲದ ಒಳನಾಡಿನಲ್ಲಿ ಮೂಳೆ ಸರಿಯಾಗಿ ಕೂಡಲು ತಿಂಗಳುಗಟ್ಟಲೆ ಹಿಡಿಯಿತು. ಓಡಾಡಲಾಗದೆ ಕಂಬರ್‌ಲೆಂಡ್ ಹೌಸ್ ಎಂಬ ಕೋಠಿಯಲ್ಲಿ ಉಳಿದಿದ್ದಾಗ ಫಿಲಿಪ್ ಟರ್ನರ್ ಎಂಬ ಮೋಜಣಿದಾರ ಅಲ್ಲಿಗೆ ಬಂದು, 1789–90ರ ಚಳಿಗಾಲವಿಡೀ ಅವನಿಗೆ ಗಣಿತವನ್ನೂ ನಕ್ಷತ್ರಗಳಿಂದ ಅಕ್ಷಾಂಶ ರೇಖಾಂಶ ಅಳೆಯುವ ವಿದ್ಯೆಯನ್ನೂ ಕಲಿಸಿದ. ಅದೇ ಕಾಲದಲ್ಲಿ ಅವನ ಬಲಗಣ್ಣಿನ ದೃಷ್ಟಿಯೂ ಹೋಯಿತು. ಕರಾರು ಮುಗಿಸಿದ ಹುಡುಗರಿಗೆ ಕಂಪನಿ ಒಂದು ಜೊತೆ ಒಳ್ಳೆಯ ಉಡುಪು ಕೊಡುವ ರೂಢಿಯಿತ್ತು. ಥಾಂಪ್ಸನ್ ಉಡುಪು ಬೇಡ, ಅಳತೆಯ ಉಪಕರಣಗಳನ್ನು ಕಳಿಸಿ ಎಂದು ಬರೆದ. ಕಂಪನಿ ಎರಡನ್ನೂ ಕಳಿಸಿತು. ಮುಂದೆ ಅವನು ಎದುರಾಳಿಯಾದ ನಾರ್ತ್ ವೆಸ್ಟ್ ಕಂಪನಿಯನ್ನು ಸೇರಿ, 1811ರ ಜುಲೈನಲ್ಲಿ ಕೊಲಂಬಿಯಾ ನದಿಯ ಮುಖ ತಲುಪಿ, 1814ರ ಹೊತ್ತಿಗೆ ಪಶ್ಚಿಮ ಸೀಮೆಯ ಮಹಾನಕಾಶೆಯನ್ನು ಬರೆದು ಮುಗಿಸಿದ. ಕಾಲು ಮುರಿಯದೆ ಹೋಗಿದ್ದರೆ ಅವನು ತುಪ್ಪಳ ಎಣಿಸುವ ಗುಮಾಸ್ತನಾಗಿಯೇ ಸವೆದುಹೋಗುತ್ತಿದ್ದನೋ ಏನೋ.

ಅಮೆರಿಕದ ಕಡೆಯ ಕಥೆಯೂ ಬೇರೆಯದಲ್ಲ. 1822ರಲ್ಲಿ ಸೇಂಟ್ ಲೂಯಿಸ್‌ನ ಪತ್ರಿಕೆಯಲ್ಲಿ, ಮಿಸೌರಿ ನದಿಯ ಮೂಲದವರೆಗೆ ಹೋಗಲು ನೂರು ಮಂದಿ ಸಾಹಸಿ ತರುಣರು ಬೇಕು ಎಂಬ ಜಾಹೀರಾತು ಬಂದಾಗ ಸೇರಿಕೊಂಡವರಲ್ಲಿ ಜಿಮ್ ಬ್ರಿಜರ್‌ಗೆ ಸುಮಾರು ಹದಿನೆಂಟು ವರ್ಷ.

ಪ್ರಶ್ನೆ: ತರಗತಿಯಲ್ಲಿ ಈ ವಿಷಯ ಬಂದಾಗ ಮಕ್ಕಳು, ಒಂದು ಪ್ರಾಣಿಯ ತೊಗಲಿಗಾಗಿ ಅರ್ಧ ಖಂಡವನ್ನೇ ಏಕೆ ಅಲೆದರು, ಚಳಿಗೆ ಕೋಟು ಹೊಲಿಸಲು ಅಷ್ಟೊಂದು ಬೇಕಿತ್ತೇ ಎಂದು ಕೇಳುತ್ತಾರೆ. ಏನು ಹೇಳಲಿ? (ಪ್ರೌಢಶಾಲಾ ಶಿಕ್ಷಕಿ, ಶಿರಸಿ)

ಉತ್ತರ: ಕೋಟಿಗಲ್ಲ ಮೇಡಂ, ಟೋಪಿಗೆ. ನಮ್ಮಲ್ಲಿ ಟೋಪಿ ಹಾಕುವುದು ಎಂದರೆ ಇನ್ನೊಂದೇ ಅರ್ಥ ಬರುವುದರಿಂದ ಮಕ್ಕಳು ನಗಬಹುದು. ಆ ಅರ್ಥವೂ ಈ ಕಥೆಗೆ ಅಷ್ಟೇನೂ ದೂರವಲ್ಲ.

ಬೀವರ್ ಎಂಬುದು ದಂಶಕ ಪ್ರಾಣಿ, ನಮ್ಮ ಇಲಿ ಅಳಿಲುಗಳ ದೂರದ ನೆಂಟ. ಕಬ್ಬಿಣದ ಅಂಶ ಸೇರಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಬಾಚಿಹಲ್ಲುಗಳಿಂದ ಮರ ಕಡಿದು, ತೊರೆಗೆ ಒಡ್ಡು ಕಟ್ಟಿ, ತಾನೇ ಮಾಡಿಕೊಂಡ ಕೆರೆಯಲ್ಲಿ ಮನೆ ಮಾಡುತ್ತದೆ. ಅದರ ಮೈಮೇಲೆ ಎರಡು ಬಗೆಯ ಕೂದಲಿರುತ್ತದೆ: ಹೊರಗೆ ಉದ್ದನೆಯ, ಒರಟಾದ, ಹೊಳೆಯುವ ಕೂದಲು, ಅದರ ಬುಡದಲ್ಲಿ ಬೆರಳಿಟ್ಟರೆ ಹೂತುಹೋಗುವಷ್ಟು ದಟ್ಟವಾದ ಮೆತ್ತನೆಯ ತುಪ್ಪಳ. ಈ ಒಳತುಪ್ಪಳದ ಎಳೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅದರ ಮೈತುಂಬ ಸಣ್ಣ ಸಣ್ಣ ಕೊಕ್ಕೆಗಳು ಕಾಣುತ್ತವೆ. ಬಿಸಿ, ತೇವ, ಒತ್ತಡ ಕೊಟ್ಟು ಉಜ್ಜಿದಾಗ ಆ ಕೊಕ್ಕೆಗಳು ಒಂದಕ್ಕೊಂದು ತಗುಲಿಕೊಂಡು, ನೇಯ್ಗೆಯೇ ಇಲ್ಲದ ಗಟ್ಟಿ ಬಟ್ಟೆಯಾಗುತ್ತದೆ. ಅದೇ ಫೆಲ್ಟ್. ನಮ್ಮ ಕುರುಬರು ಉಣ್ಣೆಯನ್ನು ನೆನೆಸಿ ತುಳಿದು ಹದಮಾಡುವುದನ್ನು ಕಂಡವರಿಗೆ ಈ ಕೆಲಸದ ಗುಟ್ಟು ಅರ್ಧ ತಿಳಿದಂತೆಯೇ. ಬೀವರ್ ಫೆಲ್ಟಿನ ಟೋಪಿ ಮಳೆಯಲ್ಲಿ ನೆನೆದರೂ ಆಕಾರ ಕೆಡುತ್ತಿರಲಿಲ್ಲ. ಯುರೋಪಿನ ಗೃಹಸ್ಥನಿಗೆ ಅದು ಅಂತಸ್ತಿನ ಗುರುತಾಯಿತು. ಅಲ್ಲಿಯ ಬೀವರ್‌ಗಳು ಹೆಚ್ಚುಕಡಿಮೆ ಮುಗಿದುಹೋಗಿದ್ದರಿಂದ ಕಣ್ಣು ಅಟ್ಲಾಂಟಿಕ್‌ನ ಆಚೆ ದಡಕ್ಕೆ ಬಿತ್ತು.

ಮಕ್ಕಳಿಗೆ ಹೇಳಬೇಕಾದ ನಿಜವಾದ ಸ್ವಾರಸ್ಯ ಇಲ್ಲಿದೆ. ಆರಂಭದ ದಿನಗಳಲ್ಲಿ ವ್ಯಾಪಾರಿಗಳು ಹೆಚ್ಚು ಬೆಲೆ ಕೊಟ್ಟದ್ದು ಹೊಸ ತೊಗಲಿಗಲ್ಲ, ಸ್ಥಳೀಯರು ಮೈಮೇಲೆ ಹಾಕಿ ಹಳತು ಮಾಡಿದ ತೊಗಲಿಗೆ. ಕೂದಲು ಒಳಮುಖವಾಗಿರುವಂತೆ ಹೊದೆದುಕೊಂಡು ಒಂದೆರಡು ಚಳಿಗಾಲ ಓಡಾಡಿದ ಮೇಲೆ ಉದ್ದನೆಯ ಒರಟು ಕೂದಲು ತಾನಾಗಿ ಉದುರಿ, ಮೈಯ ಜಿಡ್ಡು ಹತ್ತಿದ ಒಳತುಪ್ಪಳವಷ್ಟೇ ಉಳಿಯುತ್ತಿತ್ತು. ಟೋಪಿಗಾರ ಮಾಡಬೇಕಾದ ಅರ್ಧ ಕೆಲಸ ಹೊದ್ದವನ ಮೈಮೇಲೆಯೇ ಮುಗಿದಿರುತ್ತಿತ್ತು. ಫ್ರೆಂಚರು ಇದನ್ನು ಜಿಡ್ಡಿನ ಬೀವರ್ ಎಂದೇ ಕರೆದರು. ಹರಕು ಹೊದಿಕೆಗೆ ಹೊಸ ಚಾಕು, ಹಂಡೆ, ಕೊಡಲಿ ಕೊಡುವವರನ್ನು ಕಂಡು ಸ್ಥಳೀಯರಿಗೆ ಏನನ್ನಿಸಿರಬಹುದು? 1634ರಲ್ಲಿ ಒಬ್ಬ ಜೆಸ್ವಿಟ್ ಪಾದ್ರಿ ತನ್ನ ಜೊತೆಗಿದ್ದ 'ಇನ್ನು' (Innu) ಎಂಬ ಸ್ಥಳೀಯ ಜನಾಂಗದವನ ಮಾತನ್ನು ಬರೆದಿಟ್ಟಿದ್ದಾನೆ: ಬೀವರ್ ಎಲ್ಲವನ್ನೂ ಮಾಡುತ್ತದೆ, ಹಂಡೆ ಮಾಡುತ್ತದೆ, ಕೊಡಲಿ ಮಾಡುತ್ತದೆ, ಇಂಗ್ಲಿಷರಿಗೆ ಬುದ್ಧಿಯಿಲ್ಲ, ಇಂಥದೊಂದು ತೊಗಲಿಗೆ ಇಪ್ಪತ್ತು ಚಾಕು ಕೊಡುತ್ತಾರೆ ಎಂಬ ಅರ್ಥದ್ದು. ಯಾರು ಯಾರಿಗೆ ಟೋಪಿ ಹಾಕಿದರು ಎಂಬುದಕ್ಕೆ ಆಗ ಎರಡೂ ಕಡೆಯವರಲ್ಲಿ ಬೇರೆ ಬೇರೆ ಉತ್ತರವಿತ್ತು.

ಯಾರೂ ಹೊದ್ದು ಹಳತು ಮಾಡದ ಒಣ ತೊಗಲಿನ ತುಪ್ಪಳವನ್ನು ಹದಗೊಳಿಸಲು ಟೋಪಿಗಾರರು ಮುಂದೆ ಪಾದರಸದ ದ್ರಾವಣ ಬಳಸತೊಡಗಿದರು. ಆ ಆವಿ ಕುಡಿದು ಅವರ ಕೈ ನಡುಗಿತು, ಬುದ್ಧಿ ಕೆಟ್ಟಿತು. 1840ರ ಸುಮಾರಿಗೆ ರೇಷ್ಮೆ ಟೋಪಿಯ ಶೋಕಿ ಬಂದದ್ದರಿಂದ ಬೀವರ್‌ಗಳು ಬದುಕಿಕೊಂಡವು.

ಪ್ರಶ್ನೆ: ದೋಣಿಯವರು ಎರಡು ಮೂಟೆಗಳನ್ನು ಒಟ್ಟಿಗೆ ಹೊತ್ತು ಓಡುತ್ತಿದ್ದರು ಎಂದು ಓದಿದೆ. ಇದು ಉತ್ಪ್ರೇಕ್ಷೆಯಲ್ಲವೇ? (ದಾವಣಗೆರೆ)

ಉತ್ತರ: ಅಲ್ಲ. ಮಾಂಟ್ರಿಯಲ್‌ನ ವ್ಯಾಪಾರಿಗಳು ಕೂಲಿಗೆ ಹಿಡಿದ ಫ್ರೆಂಚ್ ಕೆನಡಾದ ದೋಣಿಗಾರರನ್ನು ವೊಯಾಜರ್‌ಗಳು ಎನ್ನುತ್ತಿದ್ದರು. ಸರಕನ್ನು 90 ಪೌಂಡಿನ, ಅಂದರೆ ಸುಮಾರು 41 ಕಿಲೋದ ಮೂಟೆಗಳಾಗಿ ಕಟ್ಟುತ್ತಿದ್ದರು. ಅಬ್ಬಿಯೋ ಸೆಳವೋ ಎದುರಾಗಿ ದೋಣಿ ಸಾಗದ ಕಡೆ ಎಲ್ಲವನ್ನೂ ಇಳಿಸಿ, ಹೊತ್ತು, ಮೇಲಿನ ನೀರಿಗೆ ಸೇರಿಸಬೇಕು. ಅಂಥ ಕಾಲುದಾರಿಯೇ ಪೋರ್ಟೇಜ್. ಅಗಲವಾದ ಚರ್ಮದ ಪಟ್ಟಿಯನ್ನು ಹಣೆಗೆ ಕೊಟ್ಟು, ಅದರ ಎರಡು ತುದಿಗಳಿಗೆ ಕಟ್ಟಿದ ಮೂಟೆಯನ್ನು ಸೊಂಟದ ಮೇಲ್ಭಾಗಕ್ಕೆ ಬರುವಂತೆ ಇಳಿಬಿಟ್ಟು, ಇನ್ನೊಂದು ಮೂಟೆಯನ್ನು ಅದರ ಮೇಲೆ ಬೆನ್ನಿಗೆ ಒರಗಿಸಿ, ಮುಂದಕ್ಕೆ ಬಾಗಿ, ಕುಪ್ಪಳಿಸುವ ನಡಿಗೆಯಲ್ಲಿ ಹೋಗುತ್ತಿದ್ದರು. ನಿಮ್ಮೂರಿನ ಮಾರುಕಟ್ಟೆಯ ಹಮಾಲರು ಈ ಲೆಕ್ಕ ಕೇಳಿದರೆ ತಲೆದೂಗಬಹುದು; ಆದರೆ ಅವರು ಲಾರಿಯಿಂದ ಗೋದಾಮಿಗೆ ಹೊರುತ್ತಾರೆ. ಸುಪೀರಿಯರ್ ಸರೋವರದ ದಡದ ಗ್ರ್ಯಾಂಡ್ ಪೋರ್ಟೇಜ್ ಸುಮಾರು 14 ಕಿಲೋಮೀಟರ್ ಉದ್ದದ, ಹೊರೆ ಹೊತ್ತು ನಡೆಯುವ ದಾರಿ. ಒಂದು ಹೊರೆ ಇಳಿಸಿ, ಹಿಂದಿರುಗಿ, ಮತ್ತೊಂದನ್ನು ತರಬೇಕು.

ಹೊರೆಯಷ್ಟೇ ಮುಖ್ಯವಾದದ್ದು ದೋಣಿ. ಹೊರಮೈ ಭೂರ್ಜ ಮರದ ತೊಗಟೆ, ಒಳಗಿನ ಪಕ್ಕೆಲುಬು ದೇವದಾರು ಜಾತಿಯ ಮರದ್ದು, ಹೊಲಿಗೆ ಸ್ಪ್ರೂಸ್ ಮರದ ಬೇರಿನ ಎಳೆ, ಹೊಲಿಗೆಯ ಮೇಲೆ ಕೊಬ್ಬು ಬೆರೆಸಿ ಕಾಯಿಸಿದ ರಾಳ. ಒಂದು ಮೊಳೆಯೂ ಇಲ್ಲ. ನಮ್ಮ ಹಿರಿಯರು ಭೂರ್ಜಪತ್ರದ ಮೇಲೆ ಶ್ಲೋಕ ಬರೆದರೆಂದು ಕೇಳಿದ್ದೇವೆ; ಅದೇ ಕುಲದ ಮರದ ತೊಗಟೆಯ ಮೇಲೆ ಇಲ್ಲಿ ಟನ್‌ಗಟ್ಟಲೆ ಸರಕು ತೇಲಿತು. ಮಾಂಟ್ರಿಯಲ್‌ನಿಂದ ಹೊರಡುವ ದೊಡ್ಡ ದೋಣಿ ಸುಮಾರು 11 ಮೀಟರ್ ಉದ್ದವಿರುತ್ತಿತ್ತು. ಬಂಡೆಗೆ ತಾಗಿದರೆ ತೊಗಟೆ ಕಿತ್ತುಬರುವುದರಿಂದ ಯಾರೂ ಅದನ್ನು ದಡಕ್ಕೆ ಎಳೆದು ತರುತ್ತಿರಲಿಲ್ಲ. ನೀರಿನಲ್ಲೇ ನಿಲ್ಲಿಸಿ, ಸೊಂಟದವರೆಗೆ ಇಳಿದು, ಸರಕು ಖಾಲಿ ಮಾಡಿ, ಆಮೇಲೆ ಎತ್ತಿ ತರುತ್ತಿದ್ದರು. ರಾತ್ರಿ ಅದನ್ನೇ ಮಗುಚಿ ಹಾಕಿ ಅದರಡಿ ಮಲಗುವುದು, ಬೆಳಗಿನ ಜಾವ ಎದ್ದು ಬಿರುಕಿಗೆ ರಾಳ ಹಚ್ಚುವುದು. ದಾರಿಯ ದೂರವನ್ನು ಅವರು ಮೈಲಿಯಲ್ಲಿ ಎಣಿಸದೆ ಪೈಪುಗಳಲ್ಲಿ ಎಣಿಸುತ್ತಿದ್ದರು. ಒಮ್ಮೆ ಹೊಗೆಸೊಪ್ಪು ಸೇದಲು ನಿಂತಲ್ಲಿಂದ ಮುಂದಿನ ಸಲ ನಿಲ್ಲುವವರೆಗಿನ ಹಾದಿ ಒಂದು ಪೈಪು. ಹಳ್ಳಿಯಲ್ಲಿ ದೂರ ಕೇಳಿದರೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಎನ್ನುವ ಅಜ್ಜಂದಿರು ನನಗೆ ಇದನ್ನು ಓದುವಾಗ ನೆನಪಾದರು.

ಕಾದಂಬರಿಗಳು ಇವರ ಹಾಡು, ಕೆಂಪು ಟೊಪ್ಪಿಗೆ, ಬಣ್ಣದ ನಡುಕಟ್ಟನ್ನು ಮರೆಯದೆ ವರ್ಣಿಸುತ್ತವೆ. ಅಂಡವಾಯು ಸಿಕ್ಕಿಹಾಕಿಕೊಂಡು ಸತ್ತವರನ್ನೂ, ಈಜು ಬಾರದೆ ಸೆಳವಿನಲ್ಲಿ ಹೋದವರ ನೆನಪಿಗೆ ದಡದಲ್ಲಿ ನೆಟ್ಟ ಮರದ ಶಿಲುಬೆಗಳನ್ನೂ ಅಷ್ಟೇ ನಿಷ್ಠೆಯಿಂದ ಬರೆದ ಪುಸ್ತಕವನ್ನು ಮಾತ್ರ ನಾನು ಒಳ್ಳೆಯದೆಂದು ಎಣಿಸುತ್ತೇನೆ.

ಪ್ರಶ್ನೆ: ಹತ್ತು ವರ್ಷಗಳಿಂದ ಇಲ್ಲಿ ನೆಲೆಸಿದ್ದೇವೆ. ಶಾಲೆಯಿಂದ ಇಲ್ಲಿನ ಹಳೆಯ ತುಪ್ಪಳ ಕೋಠಿ ಫೋರ್ಟ್ ವಿಲಿಯಂ ನೋಡಿಬಂದ ಮಗಳು, ಅಲ್ಲಿ ಮೊದಲೇ ಜನರಿದ್ದರೆ ಇವರು ಕಂಡುಹಿಡಿದದ್ದಾದರೂ ಏನನ್ನು ಎಂದು ಕೇಳಿದಳು. ನಾನು ಕನ್ನಡದಲ್ಲಿ ಉತ್ತರಿಸಲು ಹೋಗಿ ಪದ ಸಿಗದೆ ಸುಮ್ಮನಾದೆ. (ಟೊರಾಂಟೊ)

ಉತ್ತರ: ನಿಮ್ಮ ಮಗಳ ಪ್ರಶ್ನೆ ಈ ಪ್ರಕಾರದ ಕಥೆಗಳ ನಾಡಿ ಹಿಡಿದಿದೆ. 'ಕಂಡುಹಿಡಿದರು' ಎಂಬ ಕ್ರಿಯಾಪದವನ್ನು ಬಿಟ್ಟು 'ದಾರಿ ಕೇಳಿ ಹೋದರು' ಎಂದು ಹೇಳಿ ನೋಡಿ. ಬಹುಮಟ್ಟಿಗೆ ನಡೆದದ್ದು ಅದೇ. ಅಲೆಕ್ಸಾಂಡರ್ ಮೆಕೆಂಜಿ 1793ರಲ್ಲಿ ಪರ್ವತಗಳನ್ನು ದಾಟಿ ಪೆಸಿಫಿಕ್ ಸಾಗರ ಮುಟ್ಟಿದ. ಕರಗಿಸಿದ ಕೊಬ್ಬಿನಲ್ಲಿ ಕುಂಕುಮವರ್ಣದ ಪುಡಿ ಕಲಸಿ, ಕೆನಡಾದಿಂದ ನೆಲಮಾರ್ಗವಾಗಿ ಬಂದೆ ಎಂದು ಜುಲೈ 22ರ ತಾರೀಖಿನೊಡನೆ ಬಂಡೆಯ ಮೇಲೆ ಬರೆದ. ಆದರೆ ಅವನು ಕೊನೆಯ ಘಟ್ಟದಲ್ಲಿ ನಡೆದದ್ದು, ಕರಾವಳಿಯ ಜನ ಮೀನೆಣ್ಣೆಯನ್ನು ಒಳನಾಡಿಗೆ ಹೊತ್ತು ಮಾರುತ್ತಿದ್ದ ಹಳೆಯ ದಾರಿಯಲ್ಲಿ. ದಾರಿ ಇತ್ತು, ವ್ಯಾಪಾರ ಇತ್ತು, ದಾರಿ ತೋರಿಸುವವರಿದ್ದರು. ಇಲ್ಲದ್ದು ಬಂಡೆಯ ಮೇಲಿನ ಹೆಸರು ಮಾತ್ರ.

ಸ್ಯಾಮ್ಯುಯೆಲ್ ಹರ್ನ್‌ನ ಪ್ರಸಂಗ ಇನ್ನೂ ಸ್ಪಷ್ಟ. ಚರ್ಚಿಲ್‌ನಿಂದ ಉತ್ತರದ ತಾಮ್ರದ ನದಿಯನ್ನು ಹುಡುಕಿ ಹೊರಟ ಅವನ ಎರಡು ಪ್ರಯತ್ನಗಳು ಸೋತವು. 1770ರ ಡಿಸೆಂಬರಿನಲ್ಲಿ ಡೆನೆ ಜನಾಂಗದ ನಾಯಕ ಮಟೊನಬಿಯ ಜೊತೆ ಮೂರನೆಯ ಸಲ ಹೊರಟಾಗ, ಮರುವರ್ಷದ ಜುಲೈನಲ್ಲಿ ನದಿ ಸಿಕ್ಕಿತು, ಸಮುದ್ರ ಕಂಡಿತು. ಇಲ್ಲಿ ಮುಂದಾಳು ಮಟೊನಬಿ. ಯಾವಾಗ ಹೊರಡಬೇಕು, ಯಾವ ಜಿಂಕೆ ಹಿಂಡಿನ ಹಿಂದೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅವನು ತೀರ್ಮಾನಿಸಿದ, ಹರ್ನ್ ಹಿಂಬಾಲಿಸಿದ. ಆದರೆ ಬಂಡೆಯ ಮೇಲೆ ಬರೆದ ಹೆಸರಿನಂತೆ ಪುಸ್ತಕದ ಮುಖಪುಟಕ್ಕೆ ಬಂದದ್ದು ಹರ್ನ್‌ನ ಹೆಸರು. ಸ್ಥಳೀಯರನ್ನೆಲ್ಲ ಸಂತರನ್ನಾಗಿಸುವುದೂ ಬೇಡ: ಅದೇ ಪ್ರಯಾಣದಲ್ಲಿ ಮಟೊನಬಿಯ ಜೊತೆಗಾರರು ಉತ್ತರ ಧ್ರುವದ ಕಡೆಯ ಇನ್ಯುಇಟ್ ಜನ ಮಲಗಿದ್ದ ಬಿಡಾರದ ಮೇಲೆ ಬಿದ್ದು ಅವರನ್ನು ಕೊಂದುಹಾಕಿದ್ದನ್ನು ಹರ್ನ್ ಕಣ್ಣಾರೆ ಕಂಡು ಬರೆದಿದ್ದಾನೆ. ಹಗೆ, ನೆಂಟಸ್ತಿಕೆ, ಲೆಕ್ಕಾಚಾರ ಎಲ್ಲವೂ ಇದ್ದ ಮನುಷ್ಯರಾಗಿ ಅವರು ಕಥೆಯಲ್ಲಿ ಬರಬೇಕು.

ಇನ್ನೊಂದು ಸಂಗತಿಯನ್ನು ಮಗಳಿಗೆ ಹೇಳಲು ಹಿಂಜರಿಯಬೇಡಿ. 1781–82ರಲ್ಲಿ ಸಿಡುಬು ಆ ಬಯಲುಗಳನ್ನೂ ಕಾಡುಗಳನ್ನೂ ಖಾಲಿ ಮಾಡಿತು. ಥಾಂಪ್ಸನ್ ಹದಿನೇಳನೆಯ ವಯಸ್ಸಿನಲ್ಲಿ ಪಿಕಾನಿ ಜನರ ನಡುವೆ ಒಂದು ಚಳಿಗಾಲ ಕಳೆದಾಗ, ಸೌಕಮಪಿ ಎಂಬ ಮುದುಕ ತನ್ನ ಗುಡಾರದಲ್ಲಿ ಅವನನ್ನು ಇರಿಸಿಕೊಂಡು ಸಂಜೆ ಸಂಜೆಯೂ ಹಳೆಯ ಕಾಲದ ಕಥೆ ಹೇಳಿದ. ಶತ್ರುಗಳ ಬಿಡಾರದ ಮೇಲೆ ಬೆಳಗಿನ ಜಾವ ದಾಳಿ ಮಾಡಿ ಗುಡಾರದ ಬಟ್ಟೆ ಸೀಳಿದಾಗ, ಒಳಗೆ ಕಾದಾಡುವವರು ಯಾರೂ ಇರಲಿಲ್ಲ, ಸತ್ತವರೂ ಸಾಯುತ್ತಿರುವವರೂ ಇದ್ದರು. ಅವರ ವಸ್ತುಗಳನ್ನು ತೆಗೆದುಕೊಂಡು ಬಂದ ಕೆಲವೇ ದಿನಗಳಲ್ಲಿ ಅದೇ ರೋಗ ತಮ್ಮ ಬಿಡಾರದಲ್ಲಿ ಎದ್ದಿತು, ಅದು ಒಬ್ಬರಿಂದ ಒಬ್ಬರಿಗೆ ದಾಟುವುದೆಂದು ನಮಗೆ ತಿಳಿದಿರಲಿಲ್ಲ ಎಂದು ಆ ಮುದುಕ ಹೇಳಿದ್ದನ್ನು ಥಾಂಪ್ಸನ್ ಬರೆದಿಟ್ಟ. ಒಬ್ಬ ಮುದುಕ, ಒಬ್ಬ ಹುಡುಗ, ನಡುವೆ ಬೆಂಕಿ. ಇದಕ್ಕಿಂತ ಒಳ್ಳೆಯ ಅಧ್ಯಾಯ ಯಾವ ಕಾದಂಬರಿಕಾರನ ಕಲ್ಪನೆಗೆ ಸಿಕ್ಕೀತು?

ಮತ್ತೆ, ನಮ್ಮ ಹಳೆಯ ಪಠ್ಯಗಳ 'ರೆಡ್ ಇಂಡಿಯನ್ನರು' ಎಂಬ ಮಾತನ್ನು ಮನೆಯಲ್ಲಿ ಬಳಸಬೇಡಿ. ಕ್ರೀ, ಡೆನೆ, ಪಿಕಾನಿ, ಅನಿಶಿನಾಬೆ ಎಂದು ಅವರವರ ಹೆಸರನ್ನೇ ಹೇಳಿ.

ಪ್ರಶ್ನೆ: ನಾನು ಓದಿದ ಇಂಥ ಮೂರು ಪುಸ್ತಕಗಳಲ್ಲಿ ಹುಡುಗಿಯರು ದಡದಲ್ಲಿ ನಿಂತು ಕೈಬೀಸುತ್ತಾರೆ, ಅಷ್ಟೇ. (ಹತ್ತನೆಯ ತರಗತಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹಾಗಾದರೆ ಆ ಪುಸ್ತಕಗಳು ಚರಿತ್ರೆಯನ್ನು ಸರಿಯಾಗಿ ಓದಿಲ್ಲ. ಮಟೊನಬಿ ಹರ್ನ್‌ಗೆ ನೇರವಾಗಿ, ಹಿಂದಿನ ಪ್ರಯಾಣಗಳು ಸೋತದ್ದು ನೀವು ಹೆಂಗಸರನ್ನು ಕರೆದೊಯ್ಯದ ಕಾರಣಕ್ಕೆ ಎಂದಿದ್ದ. ಅವನ ಧಾಟಿ ನಿಮಗೆ ಸಿಟ್ಟು ತರಿಸೀತು, ಏಕೆಂದರೆ ಹೆಂಗಸರು ಇರುವುದೇ ದುಡಿಯಲು ಎಂದು ಅವನ ಎಣಿಕೆ. ಆದರೆ ಅವನು ಹೇಳಿದ ಕೆಲಸಗಳ ಪಟ್ಟಿ ಸುಳ್ಳಲ್ಲ. ಹೊರೆ ಎಳೆಯುವುದು, ಗುಡಾರ ಹೂಡುವುದು, ಬಟ್ಟೆ ಹೊಲಿಯುವುದು, ಚಳಿಯಲ್ಲಿ ಎಲ್ಲರನ್ನೂ ಜೀವಂತ ಇಡುವುದು ಅವರ ಕೆಲಸವಾಗಿತ್ತು. ಹಿಮದ ಮೇಲೆ ಹೂತುಹೋಗದಂತೆ ನಡೆಯಲು ಕಾಲಿಗೆ ಕಟ್ಟುವ ಅಗಲ ಚೌಕಟ್ಟಿನೊಳಗೆ ಹಸಿ ತೊಗಲಿನ ಎಳೆಗಳನ್ನು ಜಾಲರಿಯಾಗಿ ಹೆಣೆಯುತ್ತಿದ್ದವರೂ ಅವರೇ. ಆ ಜಾಲರಿ ಇಲ್ಲದೆ ಯಾವ ಅನ್ವೇಷಕನೂ ಕೋಟೆಯ ಬಾಗಿಲು ದಾಟಲಾರ.

ನಿಮ್ಮ ಓರಗೆಯ ನಾಯಕಿ ಬೇಕೆಂದರೆ ಥಾನಡೆಲ್‌ಥರ್ ಇದ್ದಾಳೆ. ಈ ಡೆನೆ ತರುಣಿಯನ್ನು ಕ್ರೀ ಜನ ಸೆರೆ ಹಿಡಿದಿದ್ದರು. ತಪ್ಪಿಸಿಕೊಂಡು, ಹಸಿವಿನಲ್ಲಿ ಅಲೆದು, 1714ರ ನವೆಂಬರಿನಲ್ಲಿ ಯಾರ್ಕ್ ಕೋಠಿ ಸೇರಿದಳು. ಕೋಠಿಯ ಗವರ್ನರ್ ಜೇಮ್ಸ್ ನೈಟ್‌ಗೆ ಡೆನೆ ಜನರ ತುಪ್ಪಳ ಬೇಕಿತ್ತು, ಅದಕ್ಕೆ ಅವರಿಗೂ ಕ್ರೀ ಜನರಿಗೂ ರಾಜಿಯಾಗಬೇಕಿತ್ತು. 1715ರ ಬೇಸಿಗೆಯಲ್ಲಿ ಸುಮಾರು ನೂರೈವತ್ತು ಕ್ರೀ ಜನರ ತಂಡದೊಂದಿಗೆ ಇವಳು ದುಭಾಷಿಯಾಗಿ ಹೊರಟಳು. ಹಸಿವು, ಕಾಯಿಲೆಯಿಂದ ತಂಡ ಚದುರಿತು. ಸಾಲದ್ದಕ್ಕೆ ಕ್ರೀ ಗುಂಪೊಂದರ ಕೈಯಲ್ಲಿ ಸತ್ತ ಒಂಬತ್ತು ಡೆನೆ ಜನರ ಹೆಣಗಳು ದಾರಿಯಲ್ಲಿ ಸಿಕ್ಕವು. ಉಳಿದವರು ಭಯದಿಂದ ಹಿಂದಿರುಗಲು ನಿಂತಾಗ, ಹತ್ತು ದಿನ ಇಲ್ಲೇ ಕಾಯಿರಿ ಎಂದು ಹೇಳಿ ಒಬ್ಬಳೇ ಮುಂದೆ ಹೋಗಿ, ತನ್ನವರನ್ನು ಹುಡುಕಿ, ಅವರ ಜೊತೆ ವಾದಿಸಿ ವಾದಿಸಿ ಗಂಟಲು ಕಟ್ಟಿಹೋದ ಮೇಲೆ, ಹತ್ತನೆಯ ದಿನ ನೂರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಬಂದಳು. 1717ರ ಫೆಬ್ರವರಿ 5ರಂದು ಕಾಯಿಲೆಯಿಂದ ತೀರಿಕೊಂಡಳು. ಕಂಪನಿಯ ದಿನಚರಿಯಲ್ಲಿ ಅವಳ ಧೈರ್ಯದ ಹೊಗಳಿಕೆ ಇದೆ, ಹೆಸರಿಲ್ಲ. 'ಗುಲಾಮ ಹೆಂಗಸು' ಎಂದಷ್ಟೇ ಇದೆ. ಹೆಸರನ್ನು ಉಳಿಸಿಕೊಂಡವರು ಅವಳ ಜನ, ಬಾಯಿಂದ ಬಾಯಿಗೆ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಇಸೊಬೆಲ್ ಗನ್ ಇನ್ನೊಬ್ಬಳು. ಜಾನ್ ಫಬಿಸ್ಟರ್ ಎಂದು ಗಂಡಸಿನ ಹೆಸರು ಹೇಳಿ 1806ರಲ್ಲಿ ಕಂಪನಿಯ ಕೂಲಿಗೆ ಸೇರಿ, ಗಂಡಸರ ಸಮಸಮಕ್ಕೆ ಹೊರೆ ಹೊತ್ತಳು. 1807ರ ಡಿಸೆಂಬರಿನಲ್ಲಿ ಅವಳಿಗೆ ಹೆರಿಗೆಯಾದಾಗಲೇ ಗುಟ್ಟು ಬಯಲಾದದ್ದು. ಆಮೇಲೆ ಅದೇ ಕಂಪನಿ ಅವಳನ್ನು ಬಟ್ಟೆ ಒಗೆಯಲು ಹಾಕಿತು.

ಥಾಂಪ್ಸನ್‌ನ ಹೆಂಡತಿ ಶಾರ್ಲೆಟ್ ಸ್ಮಾಲ್, ಕ್ರೀ ತಾಯಿಯ ಮಗಳು. 1799ರಲ್ಲಿ ಮದುವೆಯಾದಾಗ ಅವಳಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಇಂದು ನಾವು ಬಾಲ್ಯವಿವಾಹವೆನ್ನುವುದನ್ನು ಆ ಕಾಲದ ಕೋಠಿಗಳು 'ನಾಡಪದ್ಧತಿ' ಎಂದವು. ಮಕ್ಕಳನ್ನು ಕಟ್ಟಿಕೊಂಡು ಅವಳು ಗಂಡನ ಜೊತೆ ಸಾವಿರಾರು ಮೈಲಿ ಅಲೆದಳು. ಬಡತನದಲ್ಲಿ ಇಬ್ಬರೂ 1857ರಲ್ಲಿ, ಮೂರು ತಿಂಗಳ ಅಂತರದಲ್ಲಿ ತೀರಿಕೊಂಡರು. ಅವಳ ಕಣ್ಣಿನಿಂದ ಈ ಕಥೆ ಹೇಳುವವರು ಮದುವೆಯ ಪುಟವನ್ನು ಮಧುರಗೊಳಿಸದೆ ಬರೆಯಬೇಕು.

ಪ್ರಶ್ನೆ: ಪ್ರಾಣಿಹತ್ಯೆಯೇ ತುಂಬಿರುವ ಈ ಕಥೆಗಳನ್ನು ಮಕ್ಕಳ ಕೈಗೆ ಕೊಡಬಹುದೇ? (ಮೂಡುಬಿದಿರೆ)

ಉತ್ತರ: ಹನ್ನೆರಡು ದಾಟಿದವರಿಗೆ ಕೊಡಿ. ಕೊಲ್ಲುವುದನ್ನು ಮುಚ್ಚಿಟ್ಟು ಕಾಡಿನ ಸೊಬಗನ್ನಷ್ಟೇ ಹೇಳುವ ಪುಸ್ತಕವನ್ನು ಕೊಡಬೇಡಿ.

ಪ್ರಶ್ನೆ: ಇಂಥದೊಂದು ಕಾದಂಬರಿಯನ್ನು ಕನ್ನಡದಲ್ಲೇ ಬರೆಯಬೇಕೆಂದಿದ್ದೇನೆ. ಆ ಸೀಮೆಗೆ ನಾನು ಹೋಗಿಲ್ಲ. ನಮ್ಮ ಕಡೆಗೆ ಅದರ ನಂಟೇನಾದರೂ ಇದೆಯೇ? ಪದಗಳನ್ನು ಎಲ್ಲಿಂದ ತರಲಿ? (ಚಿಕ್ಕಮಗಳೂರು)

ಉತ್ತರ: ಪದಗಳಿಂದ ಶುರು ಮಾಡೋಣ. ನೀರಿನ ಮತ್ತು ಹೊರೆಯ ಮಾತುಗಳು ನಮ್ಮಲ್ಲಿ ಯಥೇಚ್ಛವಾಗಿವೆ: ಹುಟ್ಟು, ಸೆಳವು, ಮಡು, ಅಬ್ಬಿ, ಸುಳಿ, ಹಾಯ್ಗಡ, ಅಂಬಿಗ. ತುಂಗಭದ್ರೆಯ ಹರಿಗೋಲು ಕಟ್ಟುವವರ ಬಳಿ ಒಂದು ದಿನ ಕುಳಿತು ಬನ್ನಿ. ತೊಗಟೆಯ ದೋಣಿಯನ್ನು ಬರೆಯಲು ಬೇಕಾದ ಕ್ರಿಯಾಪದಗಳು ಅರ್ಧದಷ್ಟು ಅಲ್ಲೇ ಸಿಗುತ್ತವೆ. ಹಿಮದ ಮಾತುಗಳು ನಮ್ಮಲ್ಲಿಲ್ಲ. ಅವನ್ನು ಸಂಸ್ಕೃತದಿಂದ ಟಂಕಿಸಿ ಭಾರ ಮಾಡುವುದಕ್ಕಿಂತ, ನೋಡಿದ್ದನ್ನು ಬಿಡಿಸಿ ಹೇಳಿ. ಬೀವರ್‌ಗೆ ಬೀವರ್ ಎಂದೇ ಬರೆಯಿರಿ. ಅದನ್ನು ನೀರುನಾಯಿ ಎಂದವರಿದ್ದಾರೆ, ಅದು ತಪ್ಪು. ನೀರುನಾಯಿ ಮೀನು ತಿನ್ನುವ ಬೇರೆಯದೇ ಪ್ರಾಣಿ, ನಿಮ್ಮ ಭದ್ರಾ ಹೊಳೆಯಲ್ಲೇ ಇದೆ.

ನಂಟು ಇದೆ. ಮೊದಲನೆಯದು ಸಣ್ಣದು. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, ಮುಂದೆ ಭಾರತದ ಮಹಾ ತ್ರಿಕೋನಮಿತಿ ಮೋಜಣಿಯಾಗಿ ಬೆಳೆದ ಕೆಲಸಕ್ಕೆ ಕೈಹಾಕಿದ ವಿಲಿಯಂ ಲ್ಯಾಂಬ್ಟನ್, ಅದಕ್ಕೆ ಮುಂಚೆ ವರ್ಷಗಟ್ಟಲೆ ಇದ್ದದ್ದು ಕೆನಡಾದ ನ್ಯೂ ಬ್ರನ್ಸ್‌ವಿಕ್ ಕಾಡುಗಳಲ್ಲಿ, ಗಡಿ ಅಳೆಯುತ್ತ. ಅದೇ ದಶಕಗಳಲ್ಲಿ ಖಂಡದ ಇನ್ನೊಂದು ಕಡೆ ಥಾಂಪ್ಸನ್ ನಕ್ಷತ್ರ ನೋಡಿ ನದಿ ಅಳೆಯುತ್ತಿದ್ದ.

ಎರಡನೆಯದು ನಿಮಗೆ ಇಡೀ ಕಾದಂಬರಿಯನ್ನೇ ಕೊಟ್ಟೀತು. ಕ್ಯಾಪ್ಟನ್ ಕುಕ್‌ನ ಕೊನೆಯ ಯಾನದ ನಾವಿಕರು ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಅಗ್ಗಕ್ಕೆ ಕೊಂಡ ಕಡಲ ನೀರುನಾಯಿಯ ತುಪ್ಪಳಗಳನ್ನು ಚೀನಾದ ಕ್ಯಾಂಟನ್‌ನಲ್ಲಿ ಊಹೆಗೂ ಮೀರಿದ ಬೆಲೆಗೆ ಮಾರಿದ ಸುದ್ದಿ ಹರಡಿದ್ದೇ ತಡ, ಎಲ್ಲ ಬಂದರುಗಳ ವ್ಯಾಪಾರಿಗಳಿಗೂ ಆಸೆ ಹುಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ನೌಕರ ಜೇಮ್ಸ್ ಸ್ಟ್ರೇಂಜ್, ಮುಂಬಯಿಯ ವರ್ತಕನೊಬ್ಬನ ಬಂಡವಾಳದಿಂದ ಎರಡು ಹಡಗು ಸಜ್ಜುಗೊಳಿಸಿ 1785ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟು, 1786ರ ಬೇಸಿಗೆಯಲ್ಲಿ ವ್ಯಾಂಕೂವರ್ ದ್ವೀಪದ ನೂಟ್ಕಾ ತಲುಪಿದ. ಅದೇ ವರ್ಷ ಕಲ್ಕತ್ತೆಯಿಂದ ಜಾನ್ ಮೀರ್ಸ್ ಕೂಡ ಅದೇ ಕರಾವಳಿಗೆ ಹೊರಟ. ಸ್ಟ್ರೇಂಜ್ ಮರಳುವಾಗ, ಜನರ ಭಾಷೆ ಕಲಿತು ಮುಂದಿನ ವ್ಯಾಪಾರಕ್ಕೆ ದಾರಿ ಮಾಡಲೆಂದು, ಜಾನ್ ಮೆಕೆ ಎಂಬ ಕಾಯಿಲೆ ಬಿದ್ದಿದ್ದ ಸಹಾಯಕ ವೈದ್ಯನನ್ನು ನೂಟ್ಕಾದಲ್ಲೇ, ಮಕ್ವಿನ ಎಂಬ ನಾಯಕನ ಊರಿನಲ್ಲಿ ಬಿಟ್ಟುಹೋದ. ಸ್ಟ್ರೇಂಜ್ ಮತ್ತೆ ಬರಲಿಲ್ಲ. ಮುಂದಿನ ವರ್ಷ ಬೇರೊಂದು ಹಡಗು ಬಂದು ಕರೆದೊಯ್ಯುವವರೆಗೆ ಮೆಕೆ ಆ ಊರಿನವರ ಮನೆಯಲ್ಲಿ, ಅವರ ಅನ್ನದಲ್ಲಿ, ಅವರ ದಯೆಯಲ್ಲಿ ಬದುಕಿದ.

ಮೆಕೆಯನ್ನೇ ನಾಯಕನನ್ನಾಗಿ ಮಾಡಬೇಕೆಂದಿಲ್ಲ. ಅವನು ಎದ್ದು ಓಡಾಡುವಂತಾದ ದಿನದಿಂದ ಅವನಿಗೆ ಒಂದೊಂದೇ ಪದ ಕಲಿಸಿದ ಹುಡುಗನೋ ಹುಡುಗಿಯೋ ಆ ಊರಿನಲ್ಲಿ ಇದ್ದಿರಲೇಬೇಕು. ಅವರ ಹೆಸರು ಯಾವ ದಿನಚರಿಯಲ್ಲೂ ಇಲ್ಲ, ಅದನ್ನು ನೀವು ಇಡಬಹುದು. ಮೊದಲ ಅಧ್ಯಾಯವನ್ನು ಮಾತ್ರ ನೂಟ್ಕಾದಲ್ಲಿ ತೆರೆಯಬೇಡಿ, ಮುಂಬಯಿಯ ಹಡಗುಕಟ್ಟೆಯಲ್ಲಿ ತೆರೆಯಿರಿ. ಡಿಸೆಂಬರಿನ ಆ ಬೆಳಗ್ಗೆ ಸರಕು ಹೊರುತ್ತಿದ್ದವರಿಗೆ ಮೂಟೆಯಲ್ಲೇನಿದೆ, ಅದು ಯಾರ ಊರಿಗೆ ಹೋಗುತ್ತಿದೆ ಎಂಬುದನ್ನು ಯಾರೂ ಹೇಳಿರಲಾರರು.